ಕೊರತೆಯೆಂಬ ಕಡಿವಾಣ: ಹ್ಯಾಮ್‌ಸ್ಟರ್ ಜೀವಕೋಶವೊಂದು ಪಳಗಿದ ಚರಿತ್ರೆ

ಸ್ತನ ಕ್ಯಾನ್ಸರ್, ಸಂಧಿವಾತ, ಹೃದಯಾಘಾತ, ಮೂತ್ರಪಿಂಡದ ವೈಫಲ್ಯದಿಂದ ಬರುವ ರಕ್ತಹೀನತೆ ಮೊದಲಾದ ಕಾಯಿಲೆಗಳಿಗೆ ಇಂದು ಚುಚ್ಚುಮದ್ದಾಗಿ ಕೊಡುವ ಅನೇಕ ಔಷಧಗಳು ರಾಸಾಯನಿಕಗಳನ್ನು ಬೆರೆಸಿ ಕುದಿಸಿ ಮಾಡಿದವಲ್ಲ. ಅವು ಬದುಕಿರುವ ಜೀವಕೋಶಗಳು ತಮ್ಮೊಳಗೆ ಕಟ್ಟಿ ಹೊರಬಿಟ್ಟ ಪ್ರೋಟೀನುಗಳು. ಒಂದು ಜೀವಿಯ ವಂಶವಾಹಿಯನ್ನು, ಅಂದರೆ ಯಾವುದೋ ಒಂದು ಪ್ರೋಟೀನನ್ನು ಕಟ್ಟುವ ಕ್ರಮವನ್ನು ಹೊತ್ತಿರುವ ಡಿಎನ್‌ಎ ತುಣುಕನ್ನು, ಬೇರೊಂದು ಜೀವಿಯ ಕೋಶದೊಳಗೆ ಸೇರಿಸಿ ಆ ಕೋಶದಿಂದಲೇ ಕಟ್ಟಿಸಿದ ಇಂಥ ಪ್ರೋಟೀನಿಗೆ ಮರುಸಂಯೋಜಿತ ಪ್ರೋಟೀನ್ ಎಂದು ಹೆಸರು. ಸಸ್ತನಿಗಳ ಕೋಶದಲ್ಲಿ ತಯಾರಾಗುವ ಈ ಬಗೆಯ ಔಷಧಗಳ ಹೆಚ್ಚಿನ ಪಾಲು ಬರುವುದು ಒಂದೇ ಮೂಲದಿಂದ: 1957ರಲ್ಲಿ ಅಮೆರಿಕದ ಕೊಲರಾಡೊದಲ್ಲಿ ಒಂದು ಹೆಣ್ಣು ಚೀನೀ ಹ್ಯಾಮ್‌ಸ್ಟರಿನ ಅಂಡಾಶಯದಿಂದ ಬೇರ್ಪಡಿಸಿ, ಅಂದಿನಿಂದ ಇಂದಿನವರೆಗೆ ಗಾಜಿನ ಮತ್ತು ಉಕ್ಕಿನ ಪಾತ್ರೆಗಳಲ್ಲಿ ಬೆಳೆಸಿಕೊಂಡು ಬಂದಿರುವ ಕೋಶಗಳ ಸಂತತಿ. ಆ ಪ್ರಾಣಿಯ ಮತ್ತು ಅಂಡಾಶಯದ ಇಂಗ್ಲಿಷ್ ಹೆಸರುಗಳ ಮೊದಲಕ್ಷರಗಳಿಂದ ಅದನ್ನು ಸಿಎಚ್‌ಒ ಎಂದು ಕರೆಯುತ್ತಾರೆ. ಈ ಕೋಶದ ಇಳುವರಿ ಎರಡು ದಶಕಗಳೊಳಗೆ ಸುಮಾರು ನೂರು ಪಟ್ಟು ಹೆಚ್ಚಿದ ಬಗೆಯನ್ನು ಹಿಂದಕ್ಕೆ ಹೋಗಿ ನೋಡಿದರೆ, ಅದರ ಚರಿತ್ರೆಯ ಪ್ರತಿಯೊಂದು ದೊಡ್ಡ ತಿರುವಿನಲ್ಲಿಯೂ ಕೋಶಕ್ಕೆ ಇದ್ದ ಅಥವಾ ಬೇಕೆಂದೇ ತಂದ ಯಾವುದಾದರೊಂದು ಕೊರತೆಯೇ ಮನುಷ್ಯನ ಕೈಗೆ ಕಡಿವಾಣವಾಗಿ ಸಿಕ್ಕಿರುವುದು ಕಾಣುತ್ತದೆ.

ಚೀನೀ ಹ್ಯಾಮ್‌ಸ್ಟರ್ ಉತ್ತರ ಚೀನಾ ಮತ್ತು ಮಂಗೋಲಿಯಾದ ಬಯಲುಗಳಲ್ಲಿ ಬಿಲ ತೋಡಿ ಬದುಕುವ, ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದಾದ, ಬೆನ್ನಿನುದ್ದಕ್ಕೂ ಕಪ್ಪು ಗೆರೆಯುಳ್ಳ ಪ್ರಾಣಿ. 1919ರಲ್ಲಿ ಪೀಕಿಂಗಿನ ಸಂಶೋಧಕರೊಬ್ಬರು ನ್ಯುಮೋನಿಯಾ ತರುವ ಬ್ಯಾಕ್ಟೀರಿಯಾದ ಬಗೆಗಳನ್ನು ಗುರುತಿಸುವ ಪರೀಕ್ಷೆಗೆ ಇಲಿಯ ಬದಲು ಇದನ್ನು ಬಳಸಿದಾಗ ಅದು ಪ್ರಯೋಗಶಾಲೆಯನ್ನು ಪ್ರವೇಶಿಸಿತು. 1924ರಲ್ಲಿ ಅದೇ ನಗರದಲ್ಲಿದ್ದ ಸ್ಮೈಲಿ ಮತ್ತು ಯಂಗ್ ಎಂಬ ವೈದ್ಯರು ಕಾಲಾ ಆಜಾರ್ ರೋಗವನ್ನು ಈ ಪ್ರಾಣಿಗೆ ತಗುಲಿಸಬಹುದೆಂದು ತೋರಿಸಿದ ಮೇಲೆ ಅದರ ಬೆಲೆ ಹೆಚ್ಚಿತು. ಬಂಗಾಳ, ಬಿಹಾರ, ಅಸ್ಸಾಮುಗಳಲ್ಲಿ ಊರೂರನ್ನೇ ಬರಿದುಮಾಡಿದ ಈ ಜ್ವರಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು 1903ರಲ್ಲಿ ಗುರುತಿಸಿದವರಲ್ಲಿ ಒಬ್ಬರು ಮದರಾಸಿನ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದ ಚಾರ್ಲ್ಸ್ ಡೊನೊವನ್. ಆ ಜೀವಿಯ ವೈಜ್ಞಾನಿಕ ಹೆಸರಿನ ಉತ್ತರಾರ್ಧದಲ್ಲಿ ಅವರ ಹೆಸರೇ ಉಳಿದಿದೆ. ಭಾರತ ಮತ್ತು ಚೀನಾಗಳೆರಡನ್ನೂ ಕಾಡಿದ ಒಂದು ಬಡವರ ಕಾಯಿಲೆಯೇ ಈ ಹೊಲದ ಪ್ರಾಣಿಯನ್ನು ವೈದ್ಯವಿಜ್ಞಾನಕ್ಕೆ ಬೇಕಾದುದನ್ನಾಗಿ ಮಾಡಿತು. ಆದರೆ ಸೆರೆಯಲ್ಲಿ ಅದು ಮರಿ ಹಾಕಲು ಒಪ್ಪದ ಕಾರಣ, ಪ್ರತಿ ಪ್ರಯೋಗಕ್ಕೂ ಬಯಲಿನಿಂದ ಹಿಡಿದು ತರಿಸಬೇಕಾಗುತ್ತಿತ್ತು.

ಚೀನಾದ ಅಂತರ್ಯುದ್ಧದ ಕೊನೆಯ ಹಂತದಲ್ಲಿ, 1948ರ ಡಿಸೆಂಬರಿನಲ್ಲಿ, ಹು ಎಂಬ ಚೀನೀ ರೋಗಶಾಸ್ತ್ರಜ್ಞರು ಒದಗಿಸಿದ ಹತ್ತು ಗಂಡು ಹತ್ತು ಹೆಣ್ಣು ಹ್ಯಾಮ್‌ಸ್ಟರ್‌ಗಳನ್ನು ರಾಕ್‌ಫೆಲರ್ ಪ್ರತಿಷ್ಠಾನದ ವೈದ್ಯ ರಾಬರ್ಟ್ ಬ್ರಿಗ್ಸ್ ವಾಟ್ಸನ್ ಶಾಂಘೈಗೆ ಒಯ್ದು, ಅಲ್ಲಿಂದ ವಿಮಾನದಲ್ಲಿ ಅಮೆರಿಕಕ್ಕೆ ಸಾಗಿಸಿದರು. ಕಮ್ಯುನಿಸ್ಟ್ ಸೇನೆ ಕೆಲವೇ ತಿಂಗಳಲ್ಲಿ ಆ ನಗರವನ್ನು ವಶಪಡಿಸಿಕೊಂಡಿತು. ಪ್ರಾಣಿಗಳನ್ನು ಅಮೆರಿಕದವರ ಕೈಗೆ ಕೊಟ್ಟದ್ದು ಮುಂದೆ ಹು ಅವರ ಮೇಲೆ ಆರೋಪವಾಗಿ ತಿರುಗಿತೆಂಬುದನ್ನು ಈ ಔಷಧಗಳ ಚರಿತ್ರೆಯನ್ನು ಹೇಳುವವರು ಮರೆಯಬಾರದು. ನ್ಯೂಯಾರ್ಕ್ ರಾಜ್ಯದಲ್ಲಿ ದಂಶಕಗಳನ್ನು ಸಾಕಿ ಮಾರುತ್ತಿದ್ದ ವಿಕ್ಟರ್ ಶ್ವೆಂಟ್ಕರ್ ಈ ಇಪ್ಪತ್ತು ಪ್ರಾಣಿಗಳಿಂದ ಸಂತಾನ ಪಡೆಯುವಲ್ಲಿ ಯಶಸ್ವಿಯಾದರು. ಬಾಸ್ಟನ್ನಿನ ಜಾರ್ಜ್ ಯೆರ್ಗೇನಿಯನ್ ಶ್ವೆಂಟ್ಕರ್ ಅವರಿಂದ ಪ್ರಾಣಿಗಳನ್ನು ಪಡೆದು, ಪ್ರಯೋಗಶಾಲೆಯಲ್ಲಿ ಪೀಳಿಗೆಯಿಂದ ಪೀಳಿಗೆಗೆ ಬೆಳೆಸಿದರು. ಮನುಷ್ಯನ ಕೋಶದಲ್ಲಿ 46 ವರ್ಣತಂತುಗಳಿದ್ದರೆ, ಅಂದರೆ ವಂಶವಾಹಿಗಳನ್ನು ಸುತ್ತಿಟ್ಟಿರುವ ಎಳೆಗಳಿದ್ದರೆ, ಈ ಹ್ಯಾಮ್‌ಸ್ಟರಿನಲ್ಲಿರುವುದು 22 ಮಾತ್ರ. ಅವು ದಪ್ಪವಾಗಿ, ಒಂದರಿಂದ ಒಂದು ಬೇರೆಯಾಗಿ ಸೂಕ್ಷ್ಮದರ್ಶಕದಲ್ಲಿ ಕಾಣುತ್ತವೆ. ತಳಿಶಾಸ್ತ್ರಜ್ಞರನ್ನು ಇದರ ಕಡೆಗೆ ಸೆಳೆದದ್ದು ಈ ಸೌಲಭ್ಯವೇ.

ಅಂಥವರಲ್ಲಿ ಒಬ್ಬರು ಡೆನ್ವರಿನ ಕೊಲರಾಡೊ ವಿಶ್ವವಿದ್ಯಾಲಯದಲ್ಲಿದ್ದ ಥಿಯೋಡೋರ್ ಪಕ್. ದೇಹದ ಕೋಶವನ್ನು ದೇಹದ ಹೊರಗೆ, ಬ್ಯಾಕ್ಟೀರಿಯಾವನ್ನು ಬೆಳೆಸುವಂತೆ ಬೆಳೆಸಿ, ಒಂದೇ ಒಂದು ಕೋಶದಿಂದ ಒಂದು ಇಡೀ ಗುಂಪನ್ನು ಪಡೆಯಬೇಕೆಂಬುದು ಅವರ ಹಂಬಲವಾಗಿತ್ತು. ಒಂಟಿ ಕೋಶ ಗಾಜಿನ ತಟ್ಟೆಯಲ್ಲಿ ಬದುಕುತ್ತಿರಲಿಲ್ಲ. 1955ರಲ್ಲಿ ಪಕ್ ಮತ್ತು ಫಿಲಿಪ್ ಮಾರ್ಕಸ್ ಎಕ್ಸ್-ಕಿರಣ ಹಾಯಿಸಿ ವಿಭಜನೆಯ ಶಕ್ತಿಯನ್ನು ಕಳೆದ, ಆದರೆ ಇನ್ನೂ ಜೀವ ಉಳಿದಿರುವ ಕೋಶಗಳನ್ನು ತಟ್ಟೆಯಲ್ಲಿ ಹಾಸಿ, ಅವು ಸ್ರವಿಸುವ ವಸ್ತುಗಳ ಆಸರೆಯಲ್ಲಿ ಒಂಟಿ ಕೋಶವನ್ನು ಬೆಳೆಸುವ ಉಪಾಯವನ್ನು ಕಂಡುಕೊಂಡರು. ಒಂದೇ ಕೋಶದಿಂದ ಹುಟ್ಟಿದ ಇಂಥ ಏಕರೂಪದ ಗುಂಪಿಗೆ ಕ್ಲೋನ್ ಎನ್ನುತ್ತಾರೆ. 1957ರಲ್ಲಿ ಪಕ್ ಯೆರ್ಗೇನಿಯನ್ ಅವರಿಂದ ಒಂದು ಹೆಣ್ಣು ಹ್ಯಾಮ್‌ಸ್ಟರನ್ನು ಪಡೆದು, ಅದರ ಅಂಡಾಶಯದ ತುಣುಕಿನಿಂದ ಬೆಳೆಸಿದ ಕೋಶಗಳು ದಣಿಯದೆ ವಿಭಜಿಸುತ್ತ ಹೋದುದನ್ನು 1958ರಲ್ಲಿ ಪ್ರಕಟಿಸಿದರು. ಸಾಮಾನ್ಯ ಕೋಶಗಳು ಕೆಲವು ಹತ್ತು ಪೀಳಿಗೆಗಳಲ್ಲಿ ಮುಪ್ಪಾಗಿ ನಿಂತುಬಿಡುತ್ತವೆ, ಇವು ನಿಲ್ಲಲಿಲ್ಲ. ಪಕ್ ಈ ಕೋಶಗಳನ್ನು ಕೇಳಿದ ಪ್ರಯೋಗಶಾಲೆಗಳಿಗೆಲ್ಲ ಕೊಟ್ಟರು, ಮತ್ತು ಕೊಟ್ಟದ್ದರಿಂದಲೇ ಅವು ಲೋಕವ್ಯಾಪಿಯಾದವು.

ಪಕ್ ಅವರ ಬಳಗ ಈ ಕೋಶಗಳ ಆಹಾರದ ಮೇಲೆ ಇಟ್ಟ ಶ್ರದ್ಧೆ ಆಗ ಯಾರಿಗೂ ಕೈಗಾರಿಕೆಯ ವಿಷಯವಾಗಿ ತೋರಿರಲಿಲ್ಲ. 1955ರಲ್ಲಿ ಹ್ಯಾರಿ ಈಗಲ್ ಎಂಬ ವೈದ್ಯವಿಜ್ಞಾನಿ ಸಸ್ತನಿ ಕೋಶಗಳ ಬೆಳವಣಿಗೆಗೆ ಯಾವ ಅಮೈನೋ ಆಮ್ಲಗಳು, ಅಂದರೆ ಪ್ರೋಟೀನಿನ ಇಟ್ಟಿಗೆಗಳು, ಮತ್ತು ಯಾವ ವಿಟಮಿನ್ನುಗಳು ಬೇಕೇಬೇಕು ಎಂಬುದನ್ನು ನಿಶ್ಚಯಿಸಿದ್ದರು. ಅದರ ಮೇಲೆಯೂ ರಕ್ತದಿಂದ ತೆಗೆದ ಸೀರಮ್ ಎಂಬ ತಿಳಿದ್ರವವನ್ನು ಬೆರೆಸದೆ ಕೋಶ ಬೆಳೆಯುತ್ತಿರಲಿಲ್ಲ. 1965ರಲ್ಲಿ ಕೊಲರಾಡೊದವರೇ ಆದ ರಿಚರ್ಡ್ ಹ್ಯಾಮ್ ಸಿಎಚ್‌ಒ ಕೋಶವನ್ನು ಸೀರಮ್ಮಿನ ಹಂಗಿಲ್ಲದೆ, ಗೊತ್ತಿರುವ ರಾಸಾಯನಿಕಗಳಿಂದಷ್ಟೇ ಮಾಡಿದ ದ್ರಾವಣದಲ್ಲಿ ಬೆಳೆಸಿ ತೋರಿಸಿದರು. ಎಫ್-12 ಎಂಬ ಹೆಸರಿನ ಆ ದ್ರಾವಣ ಇಂದಿಗೂ ಬಳಕೆಯಲ್ಲಿದೆ. ಈ ಕೆಲಸದ ನಡುವೆ ಸಿಎಚ್‌ಒ ಕೋಶಕ್ಕೆ ಪ್ರೋಲೀನ್ ಎಂಬ ಅಮೈನೋ ಆಮ್ಲವನ್ನು ತಾನೇ ತಯಾರಿಸಿಕೊಳ್ಳಲು ಬಾರದು, ಅದನ್ನು ಹೊರಗಿನಿಂದ ಉಣಿಸಬೇಕು ಎಂಬುದು ತಿಳಿಯಿತು. 1960ರ ದಶಕದ ಕೊನೆಯಲ್ಲಿ ಪಕ್ ಮತ್ತು ಫಾ-ಟೆನ್ ಕಾವ್ ಗ್ಲೈಸಿನ್ ಮೊದಲಾದ ಬೇರೆ ಪೋಷಕಗಳಿಗೂ ಇದೇ ರೀತಿ ಪರಾವಲಂಬಿಯಾದ ರೂಪಾಂತರಗಳನ್ನು ಬೇಕೆಂದೇ ಹುಟ್ಟಿಸಿದರು. ಯಾವ ಕೋಶಕ್ಕೆ ಏನು ಇಲ್ಲವೋ ಅದನ್ನು ಕೊಟ್ಟರೆ ಬದುಕುತ್ತದೆ, ತಡೆದರೆ ಸಾಯುತ್ತದೆ. ಆದ್ದರಿಂದ ಕೊರತೆಯುಳ್ಳ ಕೋಶದ ಮೇಲೆ ಮನುಷ್ಯನಿಗೆ ಹಿಡಿತ ಸಿಗುತ್ತದೆ. ಈ ಅಂಶದ ಪೂರ್ಣ ಪ್ರಯೋಜನ ಗೊತ್ತಾಗಲು ಇನ್ನೂ ಹತ್ತು ವರ್ಷ ಬೇಕಾಯಿತು.

ದೊಡ್ಡ ಪಾತ್ರೆಗಳಲ್ಲಿ ಸಸ್ತನಿ ಕೋಶಗಳನ್ನು ಬೆಳೆಸುವ ಜ್ಞಾನ ಬಂದದ್ದು ಬೇರೊಂದು ದಿಕ್ಕಿನಿಂದ, ದನದ ಕೊಟ್ಟಿಗೆಯ ಕಡೆಯಿಂದ. 1960ರ ದಶಕದ ಆರಂಭದಲ್ಲಿ ಗ್ಲಾಸ್ಗೋದ ಮ್ಯಾಕ್‌ಫರ್ಸನ್ ಮತ್ತು ಸ್ಟೋಕರ್ ಸಿರಿಯಾ ಮೂಲದ ಇನ್ನೊಂದು ಜಾತಿಯ ಹ್ಯಾಮ್‌ಸ್ಟರಿನ ಎಳೆಮರಿಗಳ ಮೂತ್ರಪಿಂಡದಿಂದ ಬಿಎಚ್‌ಕೆ-21 ಎಂಬ ಕೋಶವಂಶವನ್ನು ಪಡೆದರು, ಮತ್ತು ಇಂಗ್ಲೆಂಡಿನ ಪರ್ಬ್ರೈಟಿನ ಸಂಶೋಧಕರು ಅದನ್ನು ಗಾಜಿಗೆ ಅಂಟಿಕೊಳ್ಳದೆ ದ್ರಾವಣದಲ್ಲಿ ತೇಲುತ್ತಲೇ ಬೆಳೆಯುವಂತೆ ಪಳಗಿಸಿ, ಕಾಲುಬಾಯಿ ಜ್ವರದ ಲಸಿಕೆಗೆ ಬೇಕಾದ ವೈರಸ್ಸನ್ನು ಬೆಳೆಸಲು ಬಳಸಿಕೊಂಡರು. ಬೆಂಗಳೂರಿನ ಹೆಬ್ಬಾಳದಲ್ಲಿರುವ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯ ಆವರಣವೂ ಕಾಲುಬಾಯಿ ಜ್ವರದ ಲಸಿಕೆಗಾಗಿಯೇ ಹೆಸರಾದದ್ದು. ಸಾವಿರಾರು ಲೀಟರುಗಳ ಉಕ್ಕಿನ ಪಾತ್ರೆಯಲ್ಲಿ ಗಾಳಿ, ಹದ, ಶುಚಿ ಇವನ್ನು ಕಾಯುವ ವಿದ್ಯೆ ಮನುಷ್ಯರ ಔಷಧಕ್ಕಿಂತ ಮೊದಲು ಹಸು ಎಮ್ಮೆಗಳ ಲಸಿಕೆಯಲ್ಲಿ ರೂಢಿಯಾಯಿತು.

1978ರಲ್ಲಿ ಮನುಷ್ಯರ ಇನ್ಸುಲಿನ್ನನ್ನು ಬ್ಯಾಕ್ಟೀರಿಯಾದಿಂದ ಕಟ್ಟಿಸಿ, 1982ರಲ್ಲಿ ಅದು ಔಷಧವಾಗಿ ಮಾರುಕಟ್ಟೆಗೆ ಬಂದಾಗ, ಎಲ್ಲ ಪ್ರೋಟೀನುಗಳನ್ನೂ ಇದೇ ಅಗ್ಗದ ದಾರಿಯಲ್ಲಿ ಪಡೆಯಬಹುದೆಂಬ ನಿರೀಕ್ಷೆ ಹುಟ್ಟಿತ್ತು. ಆದರೆ ಇನ್ಸುಲಿನ್ ಚಿಕ್ಕ ಪ್ರೋಟೀನು. ಹೃದಯದ ರಕ್ತನಾಳದಲ್ಲಿ ಕಟ್ಟಿಕೊಂಡ ಹೆಪ್ಪನ್ನು ಕರಗಿಸುವ ಟಿಪಿಎ ಎಂಬ ಪ್ರೋಟೀನಿನಲ್ಲಿ 527 ಅಮೈನೋ ಆಮ್ಲಗಳೂ, ಅದರ ಮಡಿಕೆಗಳನ್ನು ಹೊಲಿದಿಡುವ 17 ಗಂಧಕದ ಸೇತುವೆಗಳೂ ಇವೆ. ಅಷ್ಟು ಗಂಟುಗಳನ್ನು ಸರಿಯಾಗಿ ಹಾಕಲು ಬ್ಯಾಕ್ಟೀರಿಯಾಕ್ಕೆ ಬಾರದು. ಅದು ಕಟ್ಟಿದ ಪ್ರೋಟೀನು ಉಂಡೆಗಟ್ಟಿ ನಿರುಪಯೋಗಿಯಾಗುತ್ತದೆ. ಇದಲ್ಲದೆ ದೇಹದ ಬಹಳಷ್ಟು ಪ್ರೋಟೀನುಗಳ ಮೇಲೆ ಸಕ್ಕರೆಯ ಸರಪಳಿಗಳು ಕೊಂಬೆಗಳಂತೆ ಕೂತಿರುತ್ತವೆ. ಕೆಂಪು ರಕ್ತಕಣಗಳ ಉತ್ಪತ್ತಿಗೆ ಆಜ್ಞೆ ಕೊಡುವ ಎರಿತ್ರೋಪೊಯೆಟಿನ್ ಎಂಬ ಪ್ರೋಟೀನಿನ ತೂಕದಲ್ಲಿ ಸುಮಾರು ಶೇಕಡಾ 40ರಷ್ಟು ಸಕ್ಕರೆಯೇ. ಆ ಕೊಂಬೆಗಳ ತುದಿಯಲ್ಲಿ ಸಯಾಲಿಕ್ ಆಮ್ಲವೆಂಬ ವಸ್ತು ಇಲ್ಲದಿದ್ದರೆ ಯಕೃತ್ತು ಅದನ್ನು ಹಳೆಯ ಸರಕೆಂದು ಬಗೆದು ರಕ್ತದಿಂದ ಬೇಗನೆ ತೆಗೆದುಹಾಕುತ್ತದೆ. ಮನುಷ್ಯರದಕ್ಕೆ ಸಾಕಷ್ಟು ಹತ್ತಿರವಾದ ರೀತಿಯಲ್ಲಿ ಈ ಸಕ್ಕರೆಗಳನ್ನು ಜೋಡಿಸಬಲ್ಲದ್ದು ಸಸ್ತನಿಯ ಕೋಶ ಮಾತ್ರ. ಆದ್ದರಿಂದ ನಿಧಾನವಾಗಿ ಬೆಳೆಯುವ, ಸೂಕ್ಷ್ಮ ಸ್ವಭಾವದ, ದುಬಾರಿ ಆಹಾರ ಬೇಡುವ ಈ ಕೋಶವನ್ನೇ ಆಶ್ರಯಿಸುವುದು ಅನಿವಾರ್ಯವಾಯಿತು.

ಹೊರಗಿನ ವಂಶವಾಹಿಯನ್ನು ಕೋಶಗಳ ಮೇಲೆ ಸುರಿದರೆ ಲಕ್ಷದಲ್ಲಿ ಎಲ್ಲೋ ಕೆಲವು ಮಾತ್ರ ಅದನ್ನು ತಮ್ಮ ವರ್ಣತಂತುವಿನಲ್ಲಿ ಶಾಶ್ವತವಾಗಿ ಸೇರಿಸಿಕೊಳ್ಳುತ್ತವೆ. ಆ ಕೆಲವನ್ನು ಉಳಿದವುಗಳಿಂದ ಬೇರ್ಪಡಿಸುವುದು ಹೇಗೆಂಬುದೇ ಆಗಿನ ತೊಡಕು. ಇದನ್ನು ಬಿಡಿಸಿದ ಕೋಶ ಕೈಗಾರಿಕೆಯ ಉದ್ದೇಶದಿಂದ ಹುಟ್ಟಿದ್ದಲ್ಲ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಲಾರೆನ್ಸ್ ಚೇಸಿನ್ ಮತ್ತು ಗೇಲ್ ಅರ್ಲಾಬ್ ಶುದ್ಧ ತಳಿಶಾಸ್ತ್ರದ ಕುತೂಹಲದಿಂದ, ಡಿಎಚ್‌ಎಫ್‌ಆರ್ ಎಂಬ ಕಿಣ್ವವಿಲ್ಲದ ಸಿಎಚ್‌ಒ ಕೋಶವನ್ನು ಹುಡುಕುತ್ತಿದ್ದರು. ಈ ಕಿಣ್ವ ಫೋಲಿಕ್ ಆಮ್ಲವೆಂಬ ವಿಟಮಿನ್ನನ್ನು ಕೆಲಸಕ್ಕೆ ಬರುವ ರೂಪಕ್ಕೆ ತರುತ್ತದೆ. ಅದಿಲ್ಲದ ಕೋಶಕ್ಕೆ ಡಿಎನ್‌ಎಯ ಮೂಲವಸ್ತುಗಳನ್ನು ತಯಾರಿಸಿಕೊಳ್ಳಲಾಗದು. ಅವರು ಕೋಶಗಳಿಗೆ ವಿಕಿರಣಶೀಲವಾಗಿಸಿದ ಡಿಆಕ್ಸಿಯುರಿಡಿನ್ ಎಂಬ ವಸ್ತುವನ್ನು ಉಣಿಸಿದರು. ಕಿಣ್ವವಿದ್ದ ಕೋಶಗಳು ಅದನ್ನು ತಮ್ಮ ಡಿಎನ್‌ಎಗೆ ಸೇರಿಸಿಕೊಂಡು ಅದರ ವಿಕಿರಣದಿಂದಲೇ ಸತ್ತವು. ಕಿಣ್ವವನ್ನು ಕಳೆದುಕೊಂಡ ಕೋಶಗಳು ಅದನ್ನು ಬಳಸಲಾಗದೆ ಬದುಕಿಕೊಂಡವು. ಅಸಾಮರ್ಥ್ಯವೇ ಜೀವ ಉಳಿಸಿದ ಈ ಆಯ್ಕೆಯ ವಿಧಾನ ಜೀವವಿಜ್ಞಾನದ ಅತ್ಯಂತ ಸೊಗಸಾದ ಯುಕ್ತಿಗಳಲ್ಲಿ ಒಂದು. 1980ರಲ್ಲಿ ಪ್ರಕಟವಾದ ಈ ಕೋಶವಂಶ ಮತ್ತು 1983ರಲ್ಲಿ ಅವರೇ ಪಡೆದ ಡಿಜಿ44 ಎಂಬ ಇನ್ನೊಂದು ವಂಶ ಔಷಧ ಕಂಪನಿಗಳ ಮೂಲಬಂಡವಾಳವಾದವು. ಈ ಕೋಶಗಳಿಗೆ ಬೇಕಾದ ವಂಶವಾಹಿಯ ಜೊತೆ ಡಿಎಚ್‌ಎಫ್‌ಆರ್ ವಂಶವಾಹಿಯನ್ನೂ ಸೇರಿಸಿ, ಆಹಾರದಿಂದ ಡಿಎನ್‌ಎಯ ಮೂಲವಸ್ತುಗಳನ್ನು ತೆಗೆದುಬಿಟ್ಟರೆ, ಎರಡನ್ನೂ ಸ್ವೀಕರಿಸಿದ ಕೋಶ ಮಾತ್ರ ಉಳಿಯುತ್ತದೆ.

ಇಳುವರಿಯನ್ನು ಏರಿಸುವ ಉಪಾಯವೂ ಇದೇ ಕಿಣ್ವದ ಮೂಲಕ ಬಂತು, ಮತ್ತು ಅದರಲ್ಲಿ ದಕ್ಷಿಣ ಭಾರತದ ಒಬ್ಬರ ಪಾಲಿದೆ. ಭೀಮವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಲೆಡರ್ಲೆ ಪ್ರಯೋಗಶಾಲೆಯಲ್ಲಿ ನಡೆಸಿದ ಫೋಲಿಕ್ ಆಮ್ಲದ ಸಂಶೋಧನೆಯಿಂದ, ಆ ವಿಟಮಿನ್ನಿನ ವೇಷ ಧರಿಸಿ ಅದರ ಕೆಲಸವನ್ನು ತಡೆಯುವ ಅಮಿನಾಪ್ಟರಿನ್ ಮತ್ತು ಮೆಥೊಟ್ರೆಕ್ಸೇಟ್ ಎಂಬ ಔಷಧಗಳು ಹೊರಬಂದವು. ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಮಕ್ಕಳ ರಕ್ತಕ್ಯಾನ್ಸರಿಗೆ ಅಮಿನಾಪ್ಟರಿನ್ ಕೊಟ್ಟು ಕಂಡ ಫಲಿತಾಂಶವನ್ನು ಪ್ರಕಟಿಸಿದ್ದು 1948ರಲ್ಲಿ. ಸುಬ್ಬರಾವ್ ಅದೇ ವರ್ಷದ ಆಗಸ್ಟಿನಲ್ಲಿ ತೀರಿಕೊಂಡರು, ಡಿಸೆಂಬರಿನಲ್ಲಿ ಹ್ಯಾಮ್‌ಸ್ಟರ್‌ಗಳು ಶಾಂಘೈ ಬಿಟ್ಟವು. ಈ ಎರಡು ಎಳೆಗಳು ಕೂಡಿಕೊಳ್ಳಲು ಮೂರು ದಶಕ ಹಿಡಿಯಿತು. ಮೆಥೊಟ್ರೆಕ್ಸೇಟ್ ಡಿಎಚ್‌ಎಫ್‌ಆರ್ ಕಿಣ್ವವನ್ನು ಕಟ್ಟಿಹಾಕುತ್ತದೆ. ಸ್ಟ್ಯಾನ್‌ಫರ್ಡಿನ ರಾಬರ್ಟ್ ಶಿಮ್ಕೆ ಮತ್ತು ಸಂಗಡಿಗರು ಈ ಔಷಧಕ್ಕೆ ಬಗ್ಗದ ಇಲಿಯ ಕ್ಯಾನ್ಸರ್ ಕೋಶಗಳನ್ನು ಪರೀಕ್ಷಿಸಿ, ಅವು ಬದುಕುವ ಹಟದಲ್ಲಿ ಆ ಕಿಣ್ವದ ವಂಶವಾಹಿಯ ಪ್ರತಿಗಳನ್ನೇ ಬಹುಪಟ್ಟು ಹೆಚ್ಚಿಸಿಕೊಂಡಿವೆ ಎಂದು 1978ರಲ್ಲಿ ತೋರಿಸಿದರು. ವೈದ್ಯರಿಗೆ ಇದು ಕೆಟ್ಟ ಸುದ್ದಿ, ಕ್ಯಾನ್ಸರ್ ಔಷಧವನ್ನು ಸೋಲಿಸುವ ಬಗೆ ಇದೇ ಆದ್ದರಿಂದ. ಆದರೆ ಪ್ರೋಟೀನ್ ಕಟ್ಟಿಸುವವರಿಗೆ ಇದೇ ವರವಾಯಿತು: 1982ರಲ್ಲಿ ರ‍್ಯಾಂಡಲ್ ಕೌಫ್‌ಮನ್ ಮತ್ತು ಫಿಲಿಪ್ ಶಾರ್ಪ್, ಚೇಸಿನ್ ಅವರ ಕೋಶಗಳಿಗೆ ಮೆಥೊಟ್ರೆಕ್ಸೇಟನ್ನು ಮೆಟ್ಟಿಲು ಮೆಟ್ಟಿಲಾಗಿ ಹೆಚ್ಚಿಸುತ್ತ ಹೋದರೆ ಡಿಎಚ್‌ಎಫ್‌ಆರ್ ವಂಶವಾಹಿಯ ಜೊತೆ ಅದರ ಪಕ್ಕದಲ್ಲಿ ನೆಟ್ಟ ಬೇರೆ ವಂಶವಾಹಿಯೂ ಪ್ರತಿಗಳಲ್ಲಿ ಹೆಚ್ಚುತ್ತದೆ ಎಂದು ಸ್ಥಾಪಿಸಿದರು.

ಹೀಗೆ ತಯಾರಾದ ಟಿಪಿಎ 1987ರ ನವೆಂಬರಿನಲ್ಲಿ ಅಮೆರಿಕದಲ್ಲಿ ಮಂಜೂರಾತಿ ಪಡೆದು, ಸಿಎಚ್‌ಒ ಕೋಶದಿಂದ ಬಂದ ಮೊದಲ ಔಷಧವಾಯಿತು. 1989ರಲ್ಲಿ ಎರಿತ್ರೋಪೊಯೆಟಿನ್ ಬಂತು. ಅದರ ಹಿಂದೆ ಚಿಕಾಗೋದ ಯೂಜೀನ್ ಗೋಲ್ಡ್‌ವಾಸರ್ ಅವರ ದೀರ್ಘ ತಪಸ್ಸಿದೆ: ಜಪಾನಿನ ಕುಮಾಮೊಟೊದಲ್ಲಿ ತೀವ್ರ ರಕ್ತಹೀನತೆಯ ರೋಗಿಗಳಿಂದ ಸಂಗ್ರಹಿಸಿದ 2,550 ಲೀಟರ್ ಮೂತ್ರದಿಂದ ಅವರು ಮತ್ತು ತಕಾಜಿ ಮಿಯಾಕೆ 1977ರಲ್ಲಿ ಶುದ್ಧೀಕರಿಸಿದ್ದು ಕೆಲವೇ ಮಿಲಿಗ್ರಾಂ. ಆ ಚಿಟಿಕೆಯಿಂದ ವಂಶವಾಹಿಯ ಸುಳಿವು ಹಿಡಿದು, ಅದನ್ನು ಸಿಎಚ್‌ಒ ಕೋಶಕ್ಕೆ ಒಪ್ಪಿಸಿದ ಮೇಲೆ, ಡಯಾಲಿಸಿಸ್‌ನಲ್ಲಿರುವ ರೋಗಿಗಳು ರಕ್ತ ಹಾಕಿಸಿಕೊಳ್ಳುವುದಕ್ಕಾಗಿ ಮತ್ತೆ ಮತ್ತೆ ಆಸ್ಪತ್ರೆಗೆ ಹೋಗುವುದು ಬಹಳ ಮಟ್ಟಿಗೆ ತಪ್ಪಿತು.

1980ರ ದಶಕದ ನಡುಭಾಗದಲ್ಲಿ ಒಂದು ಲೀಟರ್ ದ್ರಾವಣದಿಂದ ಸಿಗುತ್ತಿದ್ದ ಪ್ರೋಟೀನು ಸುಮಾರು 50 ಮಿಲಿಗ್ರಾಂ. ಟಿಪಿಎಯ ಒಂದು ಪೂರ್ಣ ಪ್ರಮಾಣ 100 ಮಿಲಿಗ್ರಾಂ ಆದ್ದರಿಂದ ಎರಡು ಲೀಟರಿಗೆ ಒಬ್ಬ ರೋಗಿ ಎಂಬ ಲೆಕ್ಕ ಹೇಗೋ ಸಾಗುತ್ತಿತ್ತು. 1990ರ ದಶಕದ ಕೊನೆಯಲ್ಲಿ ಬಂದ ಪ್ರತಿಕಾಯಗಳು, ಅಂದರೆ ರೋಗದ ಗುರುತನ್ನು ಹುಡುಕಿ ಅಂಟಿಕೊಳ್ಳುವ ಪ್ರೋಟೀನುಗಳು, ಈ ಲೆಕ್ಕವನ್ನು ಮುರಿದವು. 1998ರಲ್ಲಿ ಸ್ತನ ಕ್ಯಾನ್ಸರಿಗೆ ಬಂದ ಟ್ರಾಸ್ಟುಜುಮಾಬನ್ನು ದೇಹತೂಕದ ಕಿಲೋಗೆ ಮೊದಲ ವಾರ 4 ಮಿಲಿಗ್ರಾಂ, ಆಮೇಲೆ ವಾರಕ್ಕೆ 2 ಮಿಲಿಗ್ರಾಂನಂತೆ ಕೊಡಬೇಕಾಗುತ್ತದೆ. 60 ಕಿಲೋ ತೂಕದ ಹೆಂಗಸಿಗೆ ಒಂದು ವರ್ಷಕ್ಕೆ ಆರು ಗ್ರಾಮಿಗೂ ಹೆಚ್ಚು. ಹಳೆಯ ಇಳುವರಿಯಲ್ಲಿ ಇದಕ್ಕೆ, ಶುದ್ಧೀಕರಣದ ನಷ್ಟವನ್ನು ಬಿಟ್ಟರೂ, ನೂರಿಪ್ಪತ್ತು ಲೀಟರುಗಳಿಗಿಂತ ಹೆಚ್ಚು ದ್ರಾವಣ ಬೇಕು. ಇಳುವರಿ ಲೀಟರಿಗೆ 5 ಗ್ರಾಮಿನ ಹತ್ತಿರ ಬಂದಾಗ, ಅಂದರೆ 2004ರ ಸುಮಾರಿಗೆ, ಅದೇ ರೋಗಿಗೆ ಒಂದೂಕಾಲು ಲೀಟರಿನಷ್ಟು ಸಾಕಾಯಿತು.

ಈ ನೂರು ಪಟ್ಟಿನ ಏರಿಕೆಯನ್ನು ಒಬ್ಬ ಸಂಶೋಧಕನ ಹೆಸರಿಗೆ ಬರೆಯಲಾಗದು; ಅದು ಬೇಸಾಯದ ಜಾಣ್ಮೆಯಂತೆ, ಹಲವು ಕೈಗಳು ಹಲವು ಹಂಗಾಮುಗಳಲ್ಲಿ ಕಲಿತದ್ದು. ಮೊದಲ ಪಾಠ ಉಣಿಸುವುದರದ್ದು. ಸಕ್ಕರೆಯನ್ನು ಒಮ್ಮೆಗೇ ಸುರಿದರೆ ಕೋಶ ಅದನ್ನು ಅರೆಬರೆ ಉರಿಸಿ ಲ್ಯಾಕ್ಟಿಕ್ ಆಮ್ಲವನ್ನು ಬಿಡುತ್ತದೆ, ಗ್ಲುಟಮಿನ್ ಎಂಬ ಅಮೈನೋ ಆಮ್ಲ ಹೆಚ್ಚಾದರೆ ಅಮೋನಿಯಾ ಬಿಡುತ್ತದೆ. ಎರಡೂ ಅದಕ್ಕೇ ವಿಷ. ಬೆಳೆಯುತ್ತಿದ್ದಂತೆ ಸ್ವಲ್ಪ ಸ್ವಲ್ಪವಾಗಿ ಆಹಾರ ಸೇರಿಸುತ್ತ ಹೋಗುವ ಕ್ರಮ ರೂಢಿಗೆ ಬಂದ ಮೇಲೆ, ವಾರದೊಳಗೆ ಸಾಯುತ್ತಿದ್ದ ಕೋಶಗಳು ಎರಡು ವಾರದವರೆಗೆ, ಅದೂ ಮಿಲಿಲೀಟರಿಗೆ 20 ಲಕ್ಷದ ಬದಲು ಒಂದು ಕೋಟಿಗೂ ಮಿಕ್ಕಿ, ಬದುಕತೊಡಗಿದವು. ಕೋಶಗಳು ತುಂಬಿಕೊಂಡ ಮೇಲೆ 37 ಡಿಗ್ರಿಯ ಶಾಖವನ್ನು 30ರಿಂದ 34ರ ನಡುವಿಗೆ ಇಳಿಸಿದರೆ ಅವು ವಿಭಜಿಸುವುದನ್ನು ನಿಲ್ಲಿಸಿಯೂ ಪ್ರೋಟೀನ್ ಕಟ್ಟುವುದನ್ನು ಮುಂದುವರಿಸುತ್ತವೆ ಎಂಬುದು ಇನ್ನೊಂದು ಅರಿವು. ಆಮ್ಲಜನಕಕ್ಕಾಗಿ ಊದುವ ಗಾಳಿಗುಳ್ಳೆಗಳು ಮೇಲ್ಮೈಯಲ್ಲಿ ಒಡೆಯುವಾಗ ಪಕ್ಕದ ಕೋಶಗಳನ್ನೂ ಹರಿದುಹಾಕುತ್ತವೆ. ಪ್ಲುರಾನಿಕ್ ಎಫ್-68 ಎಂಬ ಪಾಲಿಮರನ್ನು ಅಲ್ಪ ಪ್ರಮಾಣದಲ್ಲಿ ಬೆರೆಸಿ ಅದನ್ನು ತಪ್ಪಿಸಿದರು. ಗರ್ಭಸ್ಥ ಕರುವಿನ ರಕ್ತದಿಂದ ತೆಗೆದ ಸೀರಮ್ಮನ್ನು ಕೈಬಿಡಲು ಬೆಲೆಯೊಂದೇ ಕಾರಣವಾಗಲಿಲ್ಲ. ಬ್ರಿಟನ್ನಿನಲ್ಲಿ ಹುಚ್ಚು ಹಸು ರೋಗ ಮನುಷ್ಯರಿಗೂ ತಗುಲಿದೆಯೆಂಬ ಘೋಷಣೆ 1996ರಲ್ಲಿ ಬಂದ ಮೇಲೆ, ಪ್ರಾಣಿಮೂಲದ ಯಾವ ವಸ್ತುವೂ ಇಲ್ಲದ ಆಹಾರದ ಹುಡುಕಾಟ ತುರ್ತಾಯಿತು. ಹ್ಯಾಮ್ 1965ರಲ್ಲಿ ಹಿಡಿದ ದಾರಿ ಆಗ ಕಾರ್ಖಾನೆಗೆ ಬೇಕಾಯಿತು.

ಆಯ್ಕೆಯ ಕೆಲಸ ಇವೆಲ್ಲಕ್ಕಿಂತ ಬೇಸರದ್ದು, ಆದರೆ ಅದರ ಪಾಲು ದೊಡ್ಡದು. ಹೊರಗಿನ ವಂಶವಾಹಿ ವರ್ಣತಂತುವಿನ ಯಾವ ಜಾಗದಲ್ಲಿ ಹೋಗಿ ಕೂರುತ್ತದೆಂಬುದು ಆಕಸ್ಮಿಕ. ಮುಚ್ಚಿದ ಭಾಗದಲ್ಲಿ ಕೂತರೆ ಮೌನವಾಗುತ್ತದೆ, ತೆರೆದ ಭಾಗದಲ್ಲಿ ಕೂತರೆ ಧಾರಾಳವಾಗಿ ನಡೆಯುತ್ತದೆ. ಆದ್ದರಿಂದ ಸಾವಿರಾರು ಕೋಶಗಳನ್ನು ಒಂದೊಂದಾಗಿ ಬಿಡಿಸಿ ಬೆಳೆಸಿ, ಹೆಚ್ಚು ಕೊಡುವ ಒಂದನ್ನು ಹುಡುಕಬೇಕಾಗುತ್ತದೆ, ರೈತ ಬಿತ್ತನೆಗೆ ತೆನೆ ಆರಿಸಿದಂತೆ. ಔಷಧ ನಿಯಂತ್ರಕರು ಇಂದು ಉತ್ಪಾದನೆಯ ಕೋಶಗಳೆಲ್ಲ ಒಂದೇ ಕೋಶದಿಂದ ಬಂದಿರುವುದಕ್ಕೆ ಪುರಾವೆ ಕೇಳುತ್ತಾರೆ. ಪಕ್ ಮತ್ತು ಮಾರ್ಕಸ್ ಇಲ್ಲದಿದ್ದರೆ ಆ ಪ್ರಶ್ನೆಗೇ ಅರ್ಥವಿರುತ್ತಿರಲಿಲ್ಲ. ಮೆಥೊಟ್ರೆಕ್ಸೇಟಿನ ಮೆಟ್ಟಿಲುಗಳನ್ನು ಹತ್ತಿಸಲು ತಿಂಗಳುಗಳೇ ಬೇಕಾಗುತ್ತಿದ್ದುದರಿಂದ, ಬ್ರಿಟನ್ನಿನ ಸೆಲ್‌ಟೆಕ್ ಕಂಪನಿಯವರು ಬೇರೊಂದು ಕೊರತೆಯನ್ನು ಆಧರಿಸಿದ ವಿಧಾನವನ್ನು ರೂಪಿಸಿದರು. ಇಲಿಯ ಎನ್‌ಎಸ್‌0 ಎಂಬ ಕೋಶಕ್ಕೆ ಗ್ಲುಟಮಿನ್ ತಯಾರಿಸುವ ಕಿಣ್ವ ಸಾಲದು. ಆ ಕಿಣ್ವದ ವಂಶವಾಹಿಯನ್ನು ಔಷಧದ ವಂಶವಾಹಿಯ ಜೊತೆ ಕಟ್ಟಿ ಕೊಟ್ಟು, ಆಹಾರದಿಂದ ಗ್ಲುಟಮಿನ್ನನ್ನು ತೆಗೆದರೆ ಆಯ್ಕೆ ತಾನಾಗಿ ನಡೆಯುತ್ತದೆ. ಆ ಕಿಣ್ವ ಗ್ಲುಟಮಿನ್ ಕಟ್ಟುವಾಗ ಅಮೋನಿಯಾವನ್ನೇ ಬಳಸಿಕೊಳ್ಳುವುದರಿಂದ ವಿಷವೂ ತಗ್ಗುತ್ತದೆ. ಸಿಎಚ್‌ಒ ಕೋಶದಲ್ಲಿ ಈ ಕಿಣ್ವ ಸ್ವಾಭಾವಿಕವಾಗಿ ಇದೆ. ಮುಂದೆ ಡಿಎನ್‌ಎಯನ್ನು ಗುರಿಯಿಟ್ಟು ಕತ್ತರಿಸುವ ಸಾಧನಗಳು ಬಂದಾಗ, ಅದರಲ್ಲಿಯೂ ಆ ಕೊರತೆಯನ್ನು ಕೈಯಾರೆ ಉಂಟುಮಾಡಿದರು.

ಈ ವಿದ್ಯೆ ಬೆಂಗಳೂರಿಗೆ ಬಂದದ್ದು ಇನ್ನೊಂದು ಬಗೆಯ ಜೈವಿಕ ಉದ್ಯಮದ ಬೆನ್ನೇರಿ. 1978ರಲ್ಲಿ ಕಿರಣ್ ಮಜುಂದಾರ್ ಅವರು ಆರಂಭಿಸಿದ ಬಯೋಕಾನ್ ಮೊದಲಿಗೆ ತಯಾರಿಸುತ್ತಿದ್ದುದು ಪಪ್ಪಾಯಿಯ ಹಾಲಿನಿಂದ ಪಪೇನ್ ಎಂಬ ಕಿಣ್ವವನ್ನು ಮತ್ತು ಮೀನಿನ ಗಾಳಿಚೀಲದಿಂದ ಬಿಯರ್ ತಿಳಿಗೊಳಿಸುವ ಐಸಿಂಗ್ಲಾಸನ್ನು. ಅದೇ ಸಂಸ್ಥೆ 2006ರಲ್ಲಿ ಕ್ಯೂಬಾದ ಸಂಶೋಧನಾ ಕೇಂದ್ರದ ಸಹಯೋಗದಿಂದ ನಿಮೊಟುಜುಮಾಬ್ ಎಂಬ ಪ್ರತಿಕಾಯವನ್ನು, ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿಗಾಗಿ, ಭಾರತದಲ್ಲಿ ಹೊರತಂದಿತು. ಅದು ಎನ್‌ಎಸ್‌0 ಕೋಶದ ಫಲ. ಸಿಎಚ್‌ಒ ಕೋಶದಲ್ಲಿ ಬೆಳೆಸಿದ ಟ್ರಾಸ್ಟುಜುಮಾಬಿನ ಸಮರೂಪಕ್ಕೆ 2013ರಲ್ಲಿ ಭಾರತದಲ್ಲಿ, 2017ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಮಂಜೂರಾತಿ ದೊರಕಿತು, ಮತ್ತು ಅಮೆರಿಕದಲ್ಲಿ ಒಪ್ಪಿಗೆ ಪಡೆದ ಟ್ರಾಸ್ಟುಜುಮಾಬ್ ಸಮರೂಪಗಳಲ್ಲಿ ಅದೇ ಮೊದಲನೆಯದು. ಸಮರೂಪವೆಂದರೆ ನಕಲಲ್ಲ. ಮೂಲ ಕಂಪನಿಯ ಕೋಶ ಯಾರಿಗೂ ಸಿಗುವುದಿಲ್ಲವಾದ್ದರಿಂದ ಹೊಸ ಕೋಶವನ್ನು ಮೊದಲಿನಿಂದ ಆರಿಸಿ, ಅದರ ಆಹಾರ, ಶಾಖ, ಹದಗಳನ್ನು ಬದಲಿಸುತ್ತ, ಸಕ್ಕರೆಯ ಕೊಂಬೆಗಳವರೆಗೂ ಮೂಲಕ್ಕೆ ಹೋಲುವ ಪ್ರೋಟೀನನ್ನು ಅದರಿಂದ ಪಡೆಯಬೇಕು. ಇಳುವರಿಗೆ ಒಗ್ಗುವ ಹದ ಸಕ್ಕರೆಗೆ ಒಗ್ಗದೆ ಹೋಗಬಹುದು. ಎರಡನ್ನೂ ಒಟ್ಟಿಗೆ ಸಾಧಿಸುವುದರಲ್ಲಿಯೇ ಈ ಕಸುಬಿನ ನಿಜವಾದ ಕಷ್ಟವಿದೆ. ಔಷಧದ ಬೆಲೆ ತಗ್ಗಿ ಅದು ಹೆಚ್ಚು ಜನರಿಗೆ ಎಟುಕಬೇಕಾದರೆ ದಾಟಲೇಬೇಕಾದ ಕಷ್ಟವೂ ಅದೇ.

ಸಕ್ಕರೆಯ ವಿಷಯದಲ್ಲಿಯೂ ಕೊರತೆಯೇ ನೆರವಾದ ಉದಾಹರಣೆಯಿದೆ. ಪ್ರತಿಕಾಯದ ಕೊಂಬೆಗೆ ಫ್ಯೂಕೋಸ್ ಎಂಬ ಸಕ್ಕರೆಯನ್ನು ಅಂಟಿಸುವ ಎಫ್‌ಯುಟಿ8 ವಂಶವಾಹಿಯನ್ನು ಜಪಾನಿನ ಸಂಶೋಧಕರು ಸಿಎಚ್‌ಒ ಕೋಶದಿಂದ ಕಿತ್ತುಹಾಕಿ, ಆ ಸಕ್ಕರೆಯಿಲ್ಲದ ಪ್ರತಿಕಾಯ ಕ್ಯಾನ್ಸರ್ ಕೋಶಗಳನ್ನು ಕೊಲ್ಲಲು ದೇಹದ ರಕ್ಷಕ ಕೋಶಗಳನ್ನು ಬಹಳ ಹೆಚ್ಚು ಬಲವಾಗಿ ಕರೆತರುತ್ತದೆಂದು 2004ರಲ್ಲಿ ವರದಿ ಮಾಡಿದರು. ಆ ವಿಧಾನದಿಂದ ಬಂದ ಮೊಗಮುಲಿಜುಮಾಬ್ ಎಂಬ ಔಷಧಕ್ಕೆ 2012ರಲ್ಲಿ ಜಪಾನ್ ಒಪ್ಪಿಗೆ ಕೊಟ್ಟಿತು. 2011ರಲ್ಲಿ ಕೆ-1 ಎಂಬ ಸಿಎಚ್‌ಒ ಉಪವಂಶದ ಡಿಎನ್‌ಎಯನ್ನು ಪೂರ್ತಿಯಾಗಿ ಓದಿ ಪ್ರಕಟಿಸಿದಾಗ ಅದರಲ್ಲಿ ಸುಮಾರು 24,000 ವಂಶವಾಹಿಗಳು ಗುರುತಾದವು. ಮೂಲ ಹ್ಯಾಮ್‌ಸ್ಟರಿನಲ್ಲಿ ಅಚ್ಚುಕಟ್ಟಾಗಿದ್ದ 22 ವರ್ಣತಂತುಗಳು ದಶಕಗಳ ವಿಭಜನೆಯಲ್ಲಿ ತುಂಡಾಗಿ, ಅದಲುಬದಲಾಗಿ ಕೂಡಿಕೊಂಡಿದ್ದು, ಯಾವ ಎರಡು ಪ್ರಯೋಗಶಾಲೆಗಳ ಸಿಎಚ್‌ಒ ಕೋಶಗಳೂ ಇಂದು ತದ್ರೂಪಿಗಳಲ್ಲ. ಆದರೂ ಕೊಲರಾಡೊದಲ್ಲಿ ಕಂಡುಬಂದ ಮೊದಲ ಕೊರತೆ ಅಳಿದಿಲ್ಲ. ಕೆ-1 ಮತ್ತು ಅದರಿಂದ ಕವಲೊಡೆದ ಕೋಶಗಳಿಗೆ ಪ್ರೋಲೀನನ್ನು ಇಂದಿಗೂ ಹೊರಗಿನಿಂದ ಉಣಿಸಬೇಕು. ಇತ್ತೀಚಿನ ವರ್ಷಗಳಲ್ಲಿ ಸಂಶೋಧಕರು ಪ್ರೋಲೀನ್ ತಯಾರಿಸುವ ಕಿಣ್ವದ ವಂಶವಾಹಿಯನ್ನು ಬೇಕಾದ ವಂಶವಾಹಿಯ ಜೊತೆ ಕಟ್ಟಿ ಕೊಟ್ಟು, ಪ್ರೋಲೀನ್ ಇಲ್ಲದ ಆಹಾರದಲ್ಲಿ ಕೋಶಗಳನ್ನು ಆರಿಸುವ ಹೊಸ ವಿಧಾನವನ್ನು ಪರೀಕ್ಷಿಸುತ್ತಿದ್ದಾರೆ.